ಊಟದ ನಂತರದ ಮೃಗಾಲಯ

ಯಾವುದಾದರೂ ಸಮ್ಮೇಳನದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ಉದ್ಘಾಟನೆ ಯಾರಿಂದ, ಆಶಯ ನುಡಿ ಯಾರದು, ಯಾವ ಗೋಷ್ಠಿಗೆ ಯಾರ ಅಧ್ಯಕ್ಷತೆ, ಯಾರ ಹೆಸರು ಯಾರ ಹೆಸರಿಗಿಂತ ಮೇಲಿರಬೇಕು ಎಂಬುದನ್ನೆಲ್ಲ ಸಮಿತಿಗಳು ತಿಂಗಳುಗಟ್ಟಲೆ ಚರ್ಚಿಸಿರುತ್ತವೆ. ಕೊನೆಯ ದಿನದ ಕೊನೆಯಲ್ಲಿ ಮಾತ್ರ ಯಾವ ಚರ್ಚೆಯೂ ಇಲ್ಲದೆ ಬಂದು ಕೂತ ಒಂದು ಸಾಲಿರುತ್ತದೆ: ಮಧ್ಯಾಹ್ನ 2 ಗಂಟೆಯ ನಂತರ ಸ್ಥಳೀಯ ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆ. ಸಮ್ಮೇಳನ ಬೆಂಗಳೂರಿನಲ್ಲಾದರೆ ಲಾಲ್‌ಬಾಗ್, ಬನ್ನೇರುಘಟ್ಟ. ಮೈಸೂರಿನಲ್ಲಾದರೆ ಅರಮನೆ, ಮೃಗಾಲಯ, ಬೆಟ್ಟ. ಬಸ್ಸು ಎಷ್ಟು ಬೇಕು, ತಿಂಡಿ ಪೊಟ್ಟಣ ಯಾರ ಲೆಕ್ಕಕ್ಕೆ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಒಂದು ಸಂಗತಿಗೆ ನಾವು ಎಷ್ಟು ಬೆಲೆ ಕೊಡುತ್ತೇವೆ ಎಂಬುದು ಅದರ ಬಗ್ಗೆ ಆಡುವ ಮಾತಿನಿಂದ ತಿಳಿಯುವುದಿಲ್ಲ, ಅದಕ್ಕೆ ಮೀಸಲಿಡುವ ಹೊತ್ತಿನಿಂದ ತಿಳಿಯುತ್ತದೆ. ಮೃಗಾಲಯಕ್ಕೂ ಸಸ್ಯತೋಟಕ್ಕೂ ನಮ್ಮ ಸಮ್ಮೇಳನಗಳು ಮೀಸಲಿಡುವುದು ಬೇರೆ ಯಾವುದಕ್ಕೂ ಒದಗದೆ ಉಳಿದ ಹೊತ್ತನ್ನು. ನನ್ನ ವಾದ ಇಷ್ಟೇ: ಅತಿಥಿಗಳನ್ನು ಇಂಥ ಜಾಗಗಳಿಗೆ ಕರೆದೊಯ್ಯುವುದಾದರೆ ದಿನದ ಒಳ್ಳೆಯ ಹೊತ್ತನ್ನು, ಅಂದರೆ ಬೆಳಗನ್ನು ಕೊಟ್ಟು, ಒಂದು ಗೋಷ್ಠಿಗೆ ಸಲ್ಲುವ ಗೌರವವನ್ನೇ ಕೊಟ್ಟು ಕರೆದೊಯ್ಯಬೇಕು. ಅದು ಆಗದ ಮಾತು ಎನ್ನುವುದಾದರೆ ಆ ಸಾಲನ್ನು ಪತ್ರಿಕೆಯಿಂದ ಹೊಡೆದುಹಾಕುವುದೇ ಲೇಸು.

ಈ ಪ್ರವಾಸಗಳ ಬಗ್ಗೆ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಇದೆಲ್ಲ ಮೋಜು, ಸಾರ್ವಜನಿಕ ಹಣದ ಪೋಲು ಎಂಬುದು ಒಂದು. ಸಾಹಿತ್ಯ ಸಮ್ಮೇಳನ ಬಂದಾಗಲೆಲ್ಲ ಈ ಮಾತು ಏಳುತ್ತದೆ: ಒಒಡಿ (ಅನ್ಯಕಾರ್ಯ ನಿಮಿತ್ತ) ಸೌಲಭ್ಯದ ಮೇಲೆ ಬಂದ ನೌಕರರು ಹಾಜರಾತಿ ಪ್ರಮಾಣಪತ್ರದ ಕೌಂಟರಿನ ಮುಂದೆ ಸಾಲುಗಟ್ಟುತ್ತಾರೆ, ಪತ್ರ ಕೈಗೆ ಬಂದ ಮೇಲೆ ಗೋಷ್ಠಿಯ ಪೆಂಡಾಲಿನಲ್ಲಿ ಕುರ್ಚಿಗಳಷ್ಟೇ ಉಳಿಯುತ್ತವೆ, ಜನರೆಲ್ಲ ಊರು ನೋಡಲು ಹೊರಟಿರುತ್ತಾರೆ. ಎರಡನೆಯ ಅಭಿಪ್ರಾಯ ಉದಾರವಾದದ್ದು. ಮೂರು ದಿನ ಭಾಷಣ ಕೇಳಿ ಬೆನ್ನು ನೋಯಿಸಿಕೊಂಡವರು ಒಂದಿಷ್ಟು ಹಸಿರು ನೋಡಲಿ, ಒಂದು ಹುಲಿ ನೋಡಲಿ, ಯಾರಿಗೇನು ನಷ್ಟ? ಊಟವಾದ ಮೇಲೆ ತಾಂಬೂಲ ಕೊಟ್ಟ ಹಾಗೆ ಅದು.

ನೋಡಲು ಎದುರುಬದುರಾಗಿ ನಿಂತಂತೆ ಕಾಣುವ ಈ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದಾರೆ. ವಿಚಾರ ನಡೆಯುವುದು ಸಭಾಂಗಣದೊಳಗೆ, ಹೊರಗಿನದು ಬರೀ ವಿಹಾರ ಎಂಬುದು ಇಬ್ಬರ ನಂಬಿಕೆಯೂ ಹೌದು. ಒಬ್ಬರು ವಿಹಾರವನ್ನು ಖಂಡಿಸುತ್ತಾರೆ, ಇನ್ನೊಬ್ಬರು ಕ್ಷಮಿಸುತ್ತಾರೆ. ನಾನು ಪ್ರಶ್ನಿಸುವುದು ಆ ನಂಬಿಕೆಯನ್ನೇ. ಪೆಂಡಾಲು ಬಿಟ್ಟು ಹೊರಟವರು ತಪ್ಪು ಮಾಡಿದರು ಎನ್ನುವ ಮೊದಲು, ಹೊರಗಿರುವುದನ್ನು ಸಮ್ಮೇಳನದ ಭಾಗವಾಗಿಸದೆ ಬಿಟ್ಟವರು ಯಾರು ಎಂದೂ ಕೇಳಬೇಕಾಗುತ್ತದೆ.

ಚರಿತ್ರೆಯನ್ನು ಸ್ವಲ್ಪ ತಿರುವಿದರೆ ಸಭಾಂಗಣವೂ ತೋಟವೂ ಮೃಗಾಲಯವೂ ಅಷ್ಟು ದೂರದ ನೆಂಟರೇನಲ್ಲ. ಪ್ಯಾರಿಸ್ಸಿನ ಜಾರ್ದಾ ದೆ ಪ್ಲಾಂತ್ 17ನೇ ಶತಮಾನದಲ್ಲಿ ರಾಜನ ಔಷಧೀಯ ಸಸ್ಯಗಳ ತೋಟವಾಗಿ ಹುಟ್ಟಿತು. ಕ್ರಾಂತಿಯ ಕಾಲದಲ್ಲಿ ವರ್ಸೇಲ್ಸ್‌ ಅರಮನೆಯ ಪ್ರಾಣಿಗಳನ್ನು ಅಲ್ಲಿಗೆ ತಂದು 1790ರ ದಶಕದಲ್ಲಿ ಸಾರ್ವಜನಿಕ ಮೃಗಶಾಲೆ ಮಾಡಿದರು. ಸಸ್ಯ, ಪ್ರಾಣಿ, ವಸ್ತುಸಂಗ್ರಹ, ಉಪನ್ಯಾಸ ಎಲ್ಲವೂ ಒಂದೇ ಆವರಣದಲ್ಲಿ ನಡೆದವು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸನ್ನು ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ವೃತ್ತಿಯಿಂದ ತೋಟಗಾರ. ಗಿಡ ಬೆಳೆಸಲು ಗಾಜಿನ ಮನೆ ಕಟ್ಟಿ ಪಳಗಿದ ಕೈಯಿಂದಲೇ ಲಕ್ಷಾಂತರ ಜನ ಸೇರುವ ಆ ಸಭಾಂಗಣ ಎದ್ದಿತು. ಅದರ ಸ್ಫೂರ್ತಿಯಿಂದ ಬಂದದ್ದು ನಮ್ಮ ಲಾಲ್‌ಬಾಗ್‌ನ ಗಾಜಿನ ಮನೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲಿಟ್ಟರು. ಅದನ್ನು ಕಟ್ಟಿದ್ದು ಫಲಪುಷ್ಪ ಪ್ರದರ್ಶನಕ್ಕೆ, ಅಂದರೆ ಜನ ಸೇರಿ ಬೆಳೆದದ್ದನ್ನು ತೋರಿಸಿ, ನೋಡಿ, ಕೇಳಿ ತಿಳಿಯುವುದಕ್ಕೆ. ಆ ಕಾಲದ ಲಾಲ್‌ಬಾಗ್‌ನೊಳಗೆ ಒಂದು ಸಣ್ಣ ಮೃಗಶಾಲೆಯೂ ಇತ್ತು.

ಅಮೆರಿಕದ ಸ್ಯಾನ್ ಡಿಯಾಗೋ ಇದಕ್ಕೆ ಇನ್ನೂ ನೇರವಾದ ಉದಾಹರಣೆ. ಇವತ್ತು ಜಗತ್ತಿನ ನಾನಾ ಸಂಘಟನೆಗಳು ಅಲ್ಲಿ ಅಧಿವೇಶನ ನಡೆಸಿ, ಪ್ರತಿನಿಧಿಗಳನ್ನು ಬಾಲ್ಬೋವಾ ಪಾರ್ಕಿನ ಮೃಗಾಲಯಕ್ಕೂ ಸಸ್ಯಭವನಕ್ಕೂ ಕಳಿಸುತ್ತವೆ. ಆ ಎರಡೂ ಇರುವುದೇ ಒಂದು ಮಹಾಮೇಳದ ದೆಸೆಯಿಂದ. ಪನಾಮಾ ಕಾಲುವೆ ತೆರೆದ ಸಂಭ್ರಮದಲ್ಲಿ 1915ರಲ್ಲಿ ಶುರುವಾದ ಪನಾಮಾ-ಕ್ಯಾಲಿಫೋರ್ನಿಯಾ ವಸ್ತುಪ್ರದರ್ಶನಕ್ಕೆಂದು ಮರದ ಪಟ್ಟಿಗಳ ಸಸ್ಯಭವನ ಕಟ್ಟಿದರು. ಮೇಳ ಮುಗಿಯುತ್ತ ಬಂದಾಗ ಅಲ್ಲಿಗೆ ತಂದಿದ್ದ ಪ್ರಾಣಿಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಹ್ಯಾರಿ ವೆಜ್‌ಫೋರ್ತ್ ಎಂಬ ವೈದ್ಯರು 1916ರಲ್ಲಿ ಪ್ರಾಣಿಶಾಸ್ತ್ರ ಸಂಘ ಕಟ್ಟಿ ಅವುಗಳ ಹೊಣೆ ಹೊತ್ತರು. ಜನ ಸೇರಿದ್ದರಿಂದ ಮೃಗಾಲಯ ಹುಟ್ಟಿತು, ಮೃಗಾಲಯವಿದೆಯೆಂದು ಇಂದು ಜನ ಸೇರುತ್ತಾರೆ. ಇಂಥ ಜಾಗವನ್ನು ಸಮ್ಮೇಳನದ ಬಾಲಂಗೋಚಿ ಎಂದುಕೊಳ್ಳುವುದು ಚರಿತ್ರೆಯನ್ನು ತಲೆಕೆಳಗು ಹಿಡಿದ ಹಾಗಾಗುತ್ತದೆ.

ನಮ್ಮವೂ ಸುಮ್ಮನೆ ಕಣ್ಣಿಗೆ ಹಬ್ಬವಾಗಲೆಂದು ಹುಟ್ಟಿದವಲ್ಲ. 1760ರಲ್ಲಿ ಹೈದರಾಲಿ ಶುರುಮಾಡಿದ ಲಾಲ್‌ಬಾಗ್ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾದ ಮೇಲೆ ಅದು ಮಾಡಿದ ಮುಖ್ಯ ಕೆಲಸ ಹೊರಗಿನ ಗಿಡಗಳನ್ನು ತರಿಸಿ, ಈ ಮಣ್ಣಿಗೆ ಈ ಹವೆಗೆ ಒಗ್ಗುತ್ತವೆಯೇ ಎಂದು ನೋಡಿ, ರೈತರಿಗೆ ಹಂಚುವುದು. ಜಾನ್ ಕ್ಯಾಮರಾನ್ 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಈ ಕೆಲಸ ನಡೆಸಿದರು. ಇಂದು ನಮ್ಮ ಹುಳಿ, ಸಾಗುಗಳಲ್ಲಿ ಮನೆಮಗನಂತೆ ಬೇಯುವ ಸೀಮೆಬದನೆ ಈ ಸೀಮೆಗೆ ಹಬ್ಬಿದ್ದು ಅವರ ಕಾಲದ ಲಾಲ್‌ಬಾಗ್‌ನಿಂದ. ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಮೈಸೂರು ಮೃಗಾಲಯದ ಉದ್ಯಾನ ವಿನ್ಯಾಸದಲ್ಲೂ ಅವರ ಕೈಯಿದೆ. ಮೃಗಾಲಯ, ಸಸ್ಯತೋಟ ಎಂದು ನಾವು ಎರಡು ಟಿಕೆಟ್ ಮಾಡಿಕೊಂಡಿರುವುದನ್ನು ಅವರ ತಲೆಮಾರು ಒಂದೇ ವಿದ್ಯೆಯ ಎರಡು ಕವಲೆಂದು ತಿಳಿದಿತ್ತು.

ಮೈಸೂರಿನ ಮೃಗಾಲಯ 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ಖಾಸಗಿ ಪ್ರಾಣಿಸಂಗ್ರಹವಾಗಿ, 10 ಎಕರೆಯಷ್ಟು ಜಾಗದಲ್ಲಿ ಆರಂಭವಾಯಿತು. ಎ.ಸಿ. ಹ್ಯೂಸ್ ಅದರ ಮೊದಲ ಮೇಲ್ವಿಚಾರಕರು. 1902ರಲ್ಲಿ ಜನರಿಗೆ ತೆರೆಯಿತು, 1909ರಲ್ಲಿ ಚಾಮರಾಜೇಂದ್ರರ ಹೆಸರು ಪಡೆಯಿತು. 1979ರಲ್ಲಿ ಅದರ ಆಡಳಿತ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಬಂತು. ಮೃಗಾಲಯ ನಡೆಸುವುದಕ್ಕೆಂದೇ ಒಂದು ಸ್ವಾಯತ್ತ ಸಂಸ್ಥೆ ರಚಿಸಿದ್ದು ದೇಶದಲ್ಲಿ ಅದೇ ಮೊದಲು. ಊರ ಹೊರಗೆ ಕೂರ್ಗಳ್ಳಿಯಲ್ಲಿ ಅದರದೇ ಪುನರ್ವಸತಿ ಕೇಂದ್ರವಿದೆ. ಊರಿಗೆ ನುಗ್ಗಿ ಸೆರೆಸಿಕ್ಕ ಹುಲಿ ಚಿರತೆಗಳನ್ನು, ಗಾಯಗೊಂಡ ಕಾಡುಪ್ರಾಣಿಗಳನ್ನು ಅಲ್ಲಿ ಸಾಕುತ್ತಾರೆ. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಹೀಗಾಗಿ ಜಿರಾಫೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಪ್ರತಿನಿಧಿಗೆ ಈ ಸಂಸ್ಥೆಯ ಬಹುಮುಖ್ಯ ಕೆಲಸವೊಂದು ಇನ್ನೆಲ್ಲೋ ನಡೆಯುತ್ತಿದೆ ಎಂಬ ಸುಳಿವೂ ಸಿಗುವುದಿಲ್ಲ. ಹೇಳಬಲ್ಲವರು ಅಲ್ಲೇ ಇದ್ದಾರೆ. ಅವರನ್ನು ಮಾತಾಡಿಸುವ ಏರ್ಪಾಡು ಮಾತ್ರ ಇಲ್ಲ.

ಇನ್ನು ಹೊತ್ತಿನ ಪ್ರಶ್ನೆ. ಮಧ್ಯಾಹ್ನ ಎರಡೂವರೆಗೆ ಮೃಗಾಲಯದ ಬಾಗಿಲಲ್ಲಿ ಬಸ್ಸಿನಿಂದಿಳಿದವರಿಗೆ ಕಾಣುವುದು ಏನು? ಸಿಂಹ ದಿನದ ಬಹುಪಾಲನ್ನು ಮಲಗಿಯೇ ಕಳೆಯುವ ಪ್ರಾಣಿ. ಹುಲಿ ಚುರುಕಾಗುವುದು ಮುಂಜಾವಿನಲ್ಲಿ, ಮುಸ್ಸಂಜೆಯಲ್ಲಿ. ಬಿಸಿಲೇರಿದ ಮೇಲೆ ಚಿರತೆ ನೆರಳು ಹುಡುಕುತ್ತದೆ, ಕರಡಿ ಮೂಲೆ ಸೇರುತ್ತದೆ, ಹಕ್ಕಿಗಳು ಸದ್ದಡಗಿಸುತ್ತವೆ. ಬೇಟೆಯಾಡುವ ಪ್ರಾಣಿಗಳಿಗೆ ವಾರದಲ್ಲಿ ಒಂದು ದಿನ ಉಪವಾಸ ಹಾಕುವ ರೂಢಿಯಿದೆ; ಕಾಡಿನಲ್ಲಿ ದಿನವೂ ಬೇಟೆ ಸಿಗುವುದಿಲ್ಲ, ಅವುಗಳ ಹೊಟ್ಟೆ ರೂಪುಗೊಂಡಿರುವುದು ಆ ಲಯಕ್ಕೆ. ಅವುಗಳ ದಿನಕ್ಕೊಂದು ಕ್ರಮವಿದೆ, ವಾರಕ್ಕೊಂದು ಕ್ರಮವಿದೆ. ನಮ್ಮ ಕಾರ್ಯಕ್ರಮ ಪಟ್ಟಿಗೂ ಅದಕ್ಕೂ ಎಲ್ಲೂ ತಾಳೆಯಾಗುವುದಿಲ್ಲ. ನೋಡುವವರೂ ಆ ಹೊತ್ತಿನಲ್ಲಿ ಎಚ್ಚರವಾಗಿರುವುದಿಲ್ಲ. ಹೋಳಿಗೆ ಊಟ ಮುಗಿಸಿ ಬಸ್ಸಿನಲ್ಲಿ ತೂಕಡಿಸಿ ಬಂದವರು ಕಂದಕದಾಚೆ ತೂಕಡಿಸುತ್ತಿರುವ ಪ್ರಾಣಿಯನ್ನು ನೋಡಿ, ಏನೂ ಇಲ್ಲ ಇಲ್ಲಿ ಎಂದು ಮುಂದಕ್ಕೆ ಹೋಗುತ್ತಾರೆ.

ಆಮೇಲೆ ನಡೆಯುವುದನ್ನು ಪ್ರತಿನಿಧಿಗಳ ಸಂಸ್ಕಾರಕ್ಕಷ್ಟೇ ಹೊರಿಸುವುದು ನ್ಯಾಯವಲ್ಲ. ಕೂಗುವುದು, ಚಪ್ಪಾಳೆ ತಟ್ಟುವುದು, ಗಾಜು ಬಡಿಯುವುದು, ಹುಲಿ ಏಳಲಿ ಎಂದು ಸಿಳ್ಳೆ ಹಾಕುವುದು, ಇವೆಲ್ಲ ತಪ್ಪೇ. ಆದರೆ ಒಂದು ಗಂಟೆಯಲ್ಲಿ ಎಲ್ಲ ನೋಡಿ ಬಸ್ಸಿಗೆ ಬನ್ನಿ ಎಂದು ಗಡುವು ಕೊಟ್ಟು, ಪ್ರಾಣಿ ಮಲಗುವ ಹೊತ್ತಿಗೆ ಜನರನ್ನು ತಂದು ನಿಲ್ಲಿಸಿದ ಮೇಲೆ ಮಲಗಿದ್ದನ್ನು ಎಬ್ಬಿಸುವ ಆಸೆ ಹುಟ್ಟುವುದು ಆ ಏರ್ಪಾಡಿನಿಂದಲೇ. ಕಾಲೇಜಿನಲ್ಲಿ ಪಾಠ ಮಾಡುವ ಮೇಷ್ಟರೂ ಆಸ್ಪತ್ರೆ ನಡೆಸುವ ವೈದ್ಯರೂ ಆ ಒಂದು ಗಂಟೆಯಲ್ಲಿ ಪ್ರವಾಸಕ್ಕೆ ಬಂದ ಮಕ್ಕಳಿಗಿಂತ ಮಕ್ಕಳಾಗಿಬಿಡುತ್ತಾರೆ.

ಬೆಂಗಳೂರಿನ ಸಮ್ಮೇಳನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ದಿನದ ಮೈಸೂರು ದರ್ಶನ ಇಟ್ಟುಕೊಳ್ಳುವುದುಂಟು. ಅದರ ಲೆಕ್ಕ ನೋಡಿ. ಎರಡೂ ಊರುಗಳ ನಡುವೆ ಸುಮಾರು 145 ಕಿಲೋಮೀಟರು. ಹೋಗಿಬರುವುದಕ್ಕೇ ಐದಾರು ಗಂಟೆ. ದಾರಿಯಲ್ಲಿ ತಿಂಡಿ, ಶ್ರೀರಂಗಪಟ್ಟಣ, ಆಮೇಲೆ ಅರಮನೆ, ಊಟ, ಮೃಗಾಲಯ, ಚಾಮುಂಡಿ ಬೆಟ್ಟ, ಕತ್ತಲಾಗುವ ಹೊತ್ತಿಗೆ ಬೃಂದಾವನದ ಕಾರಂಜಿ. 150 ಎಕರೆಗೂ ಮಿಕ್ಕ ಮೃಗಾಲಯಕ್ಕೆ ಇದರಲ್ಲಿ ದಕ್ಕುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. ಒಂದು ಸುತ್ತು ನಡೆದು ಮುಗಿಸುವುದಕ್ಕೂ ಅದು ಸಾಲದು. ಇಂಥ ಪ್ರವಾಸದಲ್ಲಿ ಜನ ಹೆಚ್ಚು ಹೊತ್ತು ನೋಡುವುದು ಮುಂದಿನ ಸೀಟಿನ ಬೆನ್ನನ್ನು. ಇಷ್ಟು ಜಾಗ ತೋರಿಸಿದೆವು ಎಂಬ ಲೆಕ್ಕ ಸಂಘಟಕರ ವರದಿಗೆ ಒಪ್ಪುತ್ತದೆ, ಅತಿಥಿಯ ನೆನಪಿಗೆ ಒದಗುವುದಿಲ್ಲ.

ಇದಕ್ಕಿಂತ ಬೇರೆ ದಾರಿಯಿಲ್ಲವೇ? ಇದೆ, ಮತ್ತು ಅದು ಹೊಸದೂ ಅಲ್ಲ. ಭೂವಿಜ್ಞಾನಿಗಳು 1878ರಲ್ಲಿ ಪ್ಯಾರಿಸ್ಸಿನಲ್ಲಿ ತಮ್ಮ ಅಂತರರಾಷ್ಟ್ರೀಯ ಕಾಂಗ್ರೆಸ್ಸನ್ನು ಆರಂಭಿಸಿದರು; ಅದರ 22ನೇ ಅಧಿವೇಶನ 1964ರಲ್ಲಿ ದೆಹಲಿಯಲ್ಲಿ ನಡೆಯಿತು. ಅವರ ಸಂಪ್ರದಾಯದಲ್ಲಿ ಕ್ಷೇತ್ರ ಪ್ರವಾಸವೆಂದರೆ ಅಧಿವೇಶನದ ಅಂಗವೇ. ಪ್ರತಿ ಪ್ರವಾಸಕ್ಕೂ ಆ ನೆಲ ಬಲ್ಲವರು ಮುಂಚಿತವಾಗಿ ಕೈಪಿಡಿ ಬರೆಯುತ್ತಾರೆ. ಯಾವ ಬಂಡೆಯ ಮುಂದೆ ನಿಲ್ಲಬೇಕು, ಅಲ್ಲಿ ಏನನ್ನು ನೋಡಬೇಕು, ಯಾವುದರ ಬಗ್ಗೆ ಇನ್ನೂ ಜಗಳವಿದೆ ಎಂಬುದು ಅದರಲ್ಲಿರುತ್ತದೆ. ಸಭಾಂಗಣದಲ್ಲಿ ಬಗೆಹರಿಯದ ವಾದ ಬಂಡೆಯ ಮುಂದೆ ಮತ್ತೆ ಏಳುತ್ತದೆ. ಲಾಲ್‌ಬಾಗ್‌ನ ಗುಡ್ಡವೂ ಅಂಥದೇ ಒಂದು ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಅದನ್ನು ಹತ್ತಿ, ಕೆಂಪೇಗೌಡ ಗೋಪುರದ ಪಕ್ಕದಲ್ಲಿ ಗುಂಪು ಫೋಟೊ ತೆಗೆಸಿಕೊಂಡು ಇಳಿದು ಹೋದ ಪ್ರತಿನಿಧಿಗಳೆಷ್ಟೋ.

ಭೂವಿಜ್ಞಾನಿಗಳಿಗೆ ಬಂಡೆ ಸರಿ, ಬ್ಯಾಂಕ್ ನೌಕರರ ಸಮ್ಮೇಳನಕ್ಕೂ ಹಲ್ಲಿನ ಡಾಕ್ಟರರ ಸಮ್ಮೇಳನಕ್ಕೂ ಮೃಗಾಲಯದಲ್ಲಿ ಏನು ಕೆಲಸ ಎಂದು ಕೇಳಬಹುದು. ಮೃಗಾಲಯ ಯಾವ ವೃತ್ತಿಯವರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹಲ್ಲಿನ ವೈದ್ಯರನ್ನೇ ತೆಗೆದುಕೊಳ್ಳಿ: ಆನೆಯ ಬಾಯಲ್ಲಿ ಹಳೆಯ ದವಡೆಹಲ್ಲು ಸವೆದಂತೆ ಹಿಂದಿನಿಂದ ಹೊಸದು ಮುಂದಕ್ಕೆ ಸರಿದು ಬರುತ್ತದೆ, ಬಾಳಿನುದ್ದಕ್ಕೂ ಆರು ಸಲ, ಕೊನೆಯ ಜೊತೆ ಸವೆದರೆ ಆನೆಗೆ ಮೇಯುವುದೇ ಕಷ್ಟ. ಸಾರ್ವಜನಿಕ ಆರೋಗ್ಯದವರಿಗೆ 2017ರ ಜನವರಿಯ ಕಥೆಯಿದೆ. ಹಕ್ಕಿಜ್ವರದ ಕಾರಣಕ್ಕೆ ಮೈಸೂರು ಮೃಗಾಲಯ ಸುಮಾರು ಒಂದು ತಿಂಗಳು ಬಾಗಿಲು ಹಾಕಿತ್ತು. ಹಾರುವ ಹಕ್ಕಿ ಹೊತ್ತು ತರುವ ರೋಗದಿಂದ ಬೋನಿನ ಹಕ್ಕಿಯನ್ನೂ ಪಾಲಕನನ್ನೂ ಕಾಪಾಡುವುದು ಹೇಗೆಂಬುದು ಆಸ್ಪತ್ರೆಯವರಿಗೂ ತಿಳಿಯಬೇಕಾದ ವಿದ್ಯೆ. ಹಣಕಾಸಿನವರಿಗೆ ಕೋವಿಡ್ ಕಾಲದ ಕಥೆ ಸಾಕು. ಟಿಕೆಟ್ಟಿನ ಆದಾಯವನ್ನೇ ನೆಚ್ಚಿದ ಸಂಸ್ಥೆಗೆ ಜನ ಬರುವುದು ನಿಂತುಹೋಯಿತು, ಪ್ರಾಣಿಗಳ ಹಸಿವು ನಿಲ್ಲಲಿಲ್ಲ. ಪ್ರಾಣಿ ದತ್ತು ಯೋಜನೆಗೆ ಸಾರ್ವಜನಿಕರಿಂದ ಕೋಟಿಗಟ್ಟಲೆ ಹಣ ಹರಿದುಬಂದು ಕೈಹಿಡಿಯಿತು. ಎಂಜಿನಿಯರುಗಳು ಕಂದಕಗಳನ್ನು ನೋಡಲಿ. ಸರಳುಗಳನ್ನು ತೆಗೆದು, ಪ್ರಾಣಿ ದಾಟಲಾಗದ ಹಳ್ಳ ತೋಡಿ, ನೋಡುವವರ ಕಣ್ಣಿಗೆ ಅಡ್ಡಿಯಿಲ್ಲದಂತೆ ಮಾಡುವ ವಿನ್ಯಾಸವನ್ನು ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಹ್ಯಾಂಬರ್ಗಿನಲ್ಲಿ ತೋರಿಸಿಕೊಟ್ಟ. ಸಾಹಿತಿಗಳಿಗಂತೂ ಮಾವುತನೊಬ್ಬ, ಪ್ರಾಣಿಪಾಲಕನೊಬ್ಬ ಅರ್ಧ ಗಂಟೆ ಮಾತಾಡಿದರೆ ಯಾವ ಗೋಷ್ಠಿಯಲ್ಲೂ ಸಿಗದ ಕನ್ನಡ ಸಿಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ದಣಿದವರಿಗೆ ವಿರಾಮ ಬೇಕು, ಅದರಲ್ಲೂ ಪಾಠ ತುರುಕಬೇಡಿ ಎಂದು ಯಾರಾದರೂ ಹೇಳಿದರೆ ಅದು ಸರಿಯಾದ ಮಾತೇ. ನನ್ನ ಉತ್ತರವೂ ಅದನ್ನು ಒಪ್ಪಿಯೇ ಹೊರಡುತ್ತದೆ. ವಿರಾಮ ಕೊಡುವುದಾದರೆ ನಿಜವಾದ ವಿರಾಮ ಕೊಡಿ. ಮಧ್ಯಾಹ್ನವನ್ನು ಖಾಲಿ ಬಿಡಿ. ಬೇಕಾದವರು ಕೋಣೆಗೆ ಹೋಗಿ ಮಲಗಲಿ, ಬೇಕಾದವರು ಲಾಲ್‌ಬಾಗ್‌ನ ದೊಡ್ಡ ಬೂರುಗದ ಮರದ ಕೆಳಗೆ ಸುಮ್ಮನೆ ಕೂರಲಿ, ರೇಷ್ಮೆ ಸೀರೆ ಕೊಳ್ಳಲು ಹೋಗುವವರು ಹೋಗಲಿ. 240 ಎಕರೆಯ ಆ ತೋಟಕ್ಕೆ ಮಾರ್ಗದರ್ಶಿ ಬೇಕೇಬೇಕೆಂದಿಲ್ಲ, ಅದು ಒಬ್ಬೊಬ್ಬರನ್ನೇ ಬರಮಾಡಿಕೊಳ್ಳಬಲ್ಲದು. ವಿರಾಮವೂ ಆಗದ ವಿಚಾರವೂ ಆಗದ ನಡುವಿನ ಏರ್ಪಾಡಿಗೆ ಮಾತ್ರ ನನ್ನ ವಿರೋಧ. ಬ್ಯಾಡ್ಜು ಹಾಕಿಕೊಂಡು, ತಲೆ ಎಣಿಸಿಕೊಂಡು, ಸೀಟಿ ಊದಿದಾಗ ಬಸ್ಸು ಹತ್ತುವುದು ದಣಿವನ್ನು ಇಮ್ಮಡಿ ಮಾಡುತ್ತದೆ, ತಿಳಿವನ್ನೇನೂ ಹೆಚ್ಚಿಸುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಪ್ರಾಣಿಗಳನ್ನು ಕೂಡಿಹಾಕುವುದೇ ತಪ್ಪೆನ್ನುವವರಿದ್ದಾರೆ. ಅಂಥ ಜಾಗಕ್ಕೆ ಗೌರವದ ಅತಿಥಿಗಳನ್ನು ಏಕೆ ಕರೆದೊಯ್ಯಬೇಕು ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಆಧಾರವಿಲ್ಲದಿಲ್ಲ. ಡಬ್ಲಿನ್‌ನಿಂದ 1995ರಲ್ಲಿ ಮೈಸೂರಿಗೆ ಬಂದ ಪೋಲೊ ಎಂಬ ಗೊರಿಲ್ಲಾ 2014ರಲ್ಲಿ ಸತ್ತಿತು. ಗೊರಿಲ್ಲಾ ಗುಂಪಿನಲ್ಲಿ ಬಾಳುವ ಪ್ರಾಣಿ, ಪೋಲೊ ಮಾತ್ರ ವರ್ಷಗಟ್ಟಲೆ ಒಂಟಿಯಾಗಿ ಬದುಕಿತು. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಆಫ್ರಿಕಾದ ಕಾಡಿನ ಪ್ರಾಣಿಯನ್ನು ಇಲ್ಲಿ ಇಟ್ಟುಕೊಳ್ಳುವುದರ ಅರ್ಥವೇನು? ಪಶ್ಚಿಮ ಘಟ್ಟದ ಸಿಂಗಳೀಕವನ್ನು, ಕೆನ್ನಾಯಿಯನ್ನು ಸಾಕಿ ಸಂತತಿ ಬೆಳೆಸುವುದಕ್ಕೂ ಜನರನ್ನು ಸೆಳೆಯಲೆಂದು ದೂರದ ಪ್ರಾಣಿಯನ್ನು ತರುವುದಕ್ಕೂ ವ್ಯತ್ಯಾಸವಿಲ್ಲವೇ? ಆ ದೂರದ ಪ್ರಾಣಿ ತಂದ ಟಿಕೆಟ್ಟಿನ ಹಣದಿಂದಲೇ ಇಲ್ಲಿನ ಪ್ರಾಣಿಯ ಆರೈಕೆ ನಡೆಯುತ್ತಿದ್ದರೆ ಆಗೇನು ಹೇಳಬೇಕು? ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ರಚನೆಯಾಯಿತು. 1998ರ ರಾಷ್ಟ್ರೀಯ ಮೃಗಾಲಯ ನೀತಿ ವನ್ಯಜೀವಿ ಸಂರಕ್ಷಣೆಗೆ ಒತ್ತಾಸೆಯಾಗುವುದೇ ಮೃಗಾಲಯದ ಮುಖ್ಯ ಗುರಿ ಎಂದು ಹೇಳಿತು. ಆ ಗುರಿ ಎಷ್ಟು ನೆರವೇರಿದೆ ಎಂದು ಅಳೆಯುವವರು ಬೇಕು. ಬೇರೆ ಬೇರೆ ವಿದ್ಯೆಗಳಲ್ಲಿ ಪಳಗಿದ ಜನ ಒಟ್ಟಾಗಿ ಬಂದಿರುವಾಗ ಈ ಪ್ರಶ್ನೆ ಕೇಳದೆ ಇನ್ನು ಯಾವಾಗ ಕೇಳುವುದು? ಮೃಗಾಲಯವನ್ನು ಒಪ್ಪದಿರುವುದು ಅಲ್ಲಿಗೆ ಹೋಗದಿರಲು ಕಾರಣವಾಗಬಹುದು, ಪ್ರಶ್ನೆ ಹೊತ್ತು ಹೋಗಲು ಅದಕ್ಕಿಂತ ದೊಡ್ಡ ಕಾರಣವಾಗಬಹುದು. ಏನೂ ಕೇಳದೆ ಹೋಗಿ, ಏನೂ ಅನ್ನಿಸದೆ ಬರುವುದಕ್ಕೆ ಮಾತ್ರ ಸಮರ್ಥನೆ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ ಒಂದು ಸಮ್ಮೇಳನಕ್ಕೆ ಒಂದೇ ಜಾಗ ಸಾಕು. ಅದನ್ನು ಕೊನೆಯ ದಿನಕ್ಕೆ ತಳ್ಳದೆ ನಡುವಿನ ದಿನದ ಬೆಳಿಗ್ಗೆ ಇಡಬೇಕು. ಕಂಡದ್ದರ ಬಗ್ಗೆ ಮಾತಾಡಲು ಆಮೇಲೆ ಇನ್ನೊಂದು ದಿನ ಕೈಯಲ್ಲಿರಬೇಕು. ಲಾಲ್‌ಬಾಗ್ ಬೆಳಗಿನ ಆರಕ್ಕೆಲ್ಲ ತೆರೆದಿರುತ್ತದೆ, ಮೈಸೂರು ಮೃಗಾಲಯ ಎಂಟೂವರೆಗೆ. ಅಂದಿನ ಗೋಷ್ಠಿಗಳು ಹನ್ನೊಂದೂವರೆಗೆ ಶುರುವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಉದ್ಘಾಟಕರು ತಡವಾಗಿ ಬಂದರೆಂದು ಅಷ್ಟು ಹೊತ್ತನ್ನು ನಾವು ಎಷ್ಟೋ ಸಲ ಕಳೆದುಕೊಂಡಿದ್ದೇವೆ. ಹದಿನೈದಿಪ್ಪತ್ತು ಜನರ ತಂಡ ಮಾಡಿ, ಪ್ರತಿ ತಂಡಕ್ಕೂ ಅಲ್ಲಿಯೇ ದುಡಿಯುವ ಒಬ್ಬರನ್ನು, ತೋಟದ ಮೇಸ್ತ್ರಿಯನ್ನೋ ಪ್ರಾಣಿಪಾಲಕನನ್ನೋ ಪಶುವೈದ್ಯರನ್ನೋ, ಸಂಪನ್ಮೂಲ ವ್ಯಕ್ತಿಯೆಂದೇ ಆಹ್ವಾನಿಸಬೇಕು. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರೂ ಅಚ್ಚಾಗಬೇಕು, ಭಾಷಣಕಾರರಿಗೆ ಕೊಡುವ ಗೌರವಧನವೇ ಅವರಿಗೂ ಸಲ್ಲಬೇಕು. ನಡೆಯಲಾಗದ ಹಿರಿಯರಿಗೆ ಬ್ಯಾಟರಿ ವಾಹನಗಳಿವೆ, ಅವನ್ನು ಮೊದಲೇ ಮಾತಾಡಿಟ್ಟುಕೊಳ್ಳಬೇಕು.

ಎರಡನೆಯದು, ಜಾಗದ ನಿಯಮಕ್ಕೆ ಅತಿಥಿ ತಲೆಬಾಗಬೇಕು. ಮೈಸೂರು ಮೃಗಾಲಯಕ್ಕೂ ಬನ್ನೇರುಘಟ್ಟಕ್ಕೂ ಮಂಗಳವಾರ ರಜೆ. ವಾರಕ್ಕೊಂದು ದಿನ ನೋಡುಗರಿಗೆ ಬಾಗಿಲು ಹಾಕಿರಬೇಕೆಂದು ಮೃಗಾಲಯ ನಿಯಮಗಳೇ ಹೇಳುತ್ತವೆ. ದಸರಾ ದಿನಗಳ ನೂಕುನುಗ್ಗಲಲ್ಲಿ ಆ ರಜೆಯನ್ನೂ ಕಿತ್ತುಕೊಳ್ಳುವುದುಂಟು. ಇದರ ಮೇಲೆ ನಮ್ಮ ಸಮ್ಮೇಳನದ ಗಣ್ಯರು ಬಂದಿದ್ದಾರೆ, ಇವತ್ತೊಂದು ದಿನ ಬಾಗಿಲು ತೆಗೆಸಿ, ಮರಿಗಳನ್ನು ಹೊರಗೆ ತಂದು ತೋರಿಸಿ ಎಂದು ಯಾರ ಮೂಲಕವೋ ಫೋನು ಮಾಡಿಸುವುದು ಅತಿಥಿಗೆ ಶೋಭಿಸುವ ನಡತೆಯಲ್ಲ. ಶಿಫಾರಸಿನಿಂದ ತೆರೆದ ಬಾಗಿಲಲ್ಲಿ ಅಧಿಕಾರ ಒಳಗೆ ಹೋಗುತ್ತದೆ, ಕುತೂಹಲ ಹೋಗುವುದಿಲ್ಲ.

ಮೂರನೆಯದು ಹಣದ ವಿಚಾರ. ನಮ್ಮ ಒಂದು ಸಾಧಾರಣ ಸಮ್ಮೇಳನದಲ್ಲಿ ಎಷ್ಟು ಶಾಲು, ಎಷ್ಟು ಪೇಟ, ಎಷ್ಟು ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ಎಷ್ಟು ಸ್ಮರಣಿಕೆಗಳು ಕೈಯಿಂದ ಕೈಗೆ ದಾಟುತ್ತವೆ! ಹೆಚ್ಚಿನವು ಮನೆಯ ಅಟ್ಟ ಸೇರುತ್ತವೆ, ಇಲ್ಲವೇ ಇನ್ನೊಂದು ಸನ್ಮಾನಕ್ಕೆ ಹೊರಡುತ್ತವೆ. ಆ ಖರ್ಚಿನಲ್ಲಿ ಒಂದು ಪಾಲು ಉಳಿಸಿದರೆ ಸಮ್ಮೇಳನದ ಹೆಸರಿನಲ್ಲಿ ಒಂದು ಪ್ರಾಣಿಯನ್ನು ಒಂದು ವರ್ಷಕ್ಕೆ ದತ್ತು ಪಡೆಯಬಹುದು. ಅದಕ್ಕೆ ಹುಲಿ, ಆನೆಯೇ ಆಗಬೇಕೆಂದಿಲ್ಲ. ಯಾರೂ ನಿಂತು ನೋಡದ ಒಂದು ಗೂಬೆಯನ್ನು, ಒಂದು ಆಮೆಯನ್ನು ದತ್ತು ಪಡೆಯುವ ಸಮ್ಮೇಳನ ತನ್ನ ಅಭಿರುಚಿಯನ್ನೂ ತೋರಿಸಿಕೊಟ್ಟಂತಾಗುತ್ತದೆ.

ಇದೆಲ್ಲ ದೊಡ್ಡ ನಗರಗಳ ದೊಡ್ಡ ಸಮ್ಮೇಳನಗಳಿಗೆ ಮಾತ್ರ ಹೇಳಿದ ಮಾತಲ್ಲ. 2016ರ ಜನವರಿಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆಯಿತು. 2017ರ ನವೆಂಬರಿನಲ್ಲಿ 83ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅದೇ ಮೈಸೂರು ಆತಿಥ್ಯ ವಹಿಸಿತು. ಅಂಥ ಭಾರೀ ಜಾತ್ರೆಗಳಲ್ಲಿ ಪ್ರತಿಯೊಬ್ಬರನ್ನೂ ಹದಿನೈದರ ತಂಡದಲ್ಲಿ ಕರೆದೊಯ್ಯಲಾಗದು, ನಿಜ. ಅಲ್ಲಿ ಹೆಸರು ಕೊಟ್ಟ ನೂರಿನ್ನೂರು ಜನರಿಗೆ ಏರ್ಪಾಡು ಮಾಡಿದರೂ ಸಾಕು. ಜಿಲ್ಲಾ ಮಟ್ಟದ ಸಣ್ಣ ಸಮಾವೇಶಗಳಿಗೆ ಇದು ಇನ್ನೂ ಸುಲಭ. ಶಿವಮೊಗ್ಗದವರಿಗೆ ತ್ಯಾವರೆಕೊಪ್ಪವಿದೆ, ಮಂಗಳೂರಿನವರಿಗೆ ಪಿಲಿಕುಳವಿದೆ. ಯಾವುದೂ ಇಲ್ಲದ ಊರಿನಲ್ಲಿ ತೋಟಗಾರಿಕೆ ಇಲಾಖೆಯ ಒಂದು ಸಸ್ಯಕ್ಷೇತ್ರವಾದರೂ ಇರುತ್ತದೆ, ಅಲ್ಲಿ ಕಸಿ ಕಟ್ಟುವ ಕೈಗಳಿರುತ್ತವೆ.

ಸಮ್ಮೇಳನಕ್ಕೆ ಜನ ದೂರದಿಂದ ಬರುವುದು ಓದಿಕೊಳ್ಳಬಹುದಾದ ಪ್ರಬಂಧಗಳನ್ನು ಕಿವಿಯಿಂದ ಕೇಳಲಿಕ್ಕಲ್ಲ. ಬೇರೆಲ್ಲೂ ಸಿಗದದ್ದು, ಆ ಊರಿನಲ್ಲಿ ಆ ಜನರ ನಡುವೆ ಮಾತ್ರ ಸಿಗುವಂಥದ್ದು ಏನಾದರೂ ಇದೆಯೆಂದು ಅವರು ಬರುತ್ತಾರೆ. ಎರಡೂವರೆ ಶತಮಾನ ದಾಟಿದ ತೋಟ, ನೂರಮೂವತ್ತು ವರ್ಷ ದಾಟಿದ ಮೃಗಾಲಯ ನಮ್ಮ ಕೈಯಲ್ಲಿರುವ ಅಂಥ ಸಂಗತಿಗಳು. ಅವುಗಳಿಗೆ ಬೆಳಗಿನ ಮೂರು ಗಂಟೆ ಬಿಟ್ಟುಕೊಡಲಾರೆವು ಎನ್ನುವ ಸಮಿತಿ ಅದನ್ನು ನೇರವಾಗಿ ಹೇಳಿ ಪಟ್ಟಿಯಿಂದ ಆ ಸಾಲನ್ನು ತೆಗೆಯಲಿ, ಅತಿಥಿಗಳು ತಮ್ಮ ಪಾಡಿಗೆ ತಾವು ಊರು ಸುತ್ತಿಕೊಳ್ಳುತ್ತಾರೆ. ಬಿಟ್ಟುಕೊಡುತ್ತೇವೆ ಎನ್ನುವ ಸಮಿತಿ ಮೊದಲು ಮಾಡಬೇಕಾದ್ದು ಬಸ್ಸು ಗೊತ್ತು ಮಾಡುವ ಕೆಲಸವಲ್ಲ. ಮೃಗಾಲಯಕ್ಕೆ ಅಥವಾ ತೋಟಕ್ಕೆ ಹೋಗಿ, ನಾವು ಯಾವ ಹೊತ್ತಿಗೆ ಬಂದರೆ ನಿಮಗೆ ಒಳಿತು ಎಂದು ಅಲ್ಲಿ ಕೆಲಸ ಮಾಡುವವರನ್ನು ಕೇಳುವುದು. ಉಳಿದ ಕಾರ್ಯಕ್ರಮವನ್ನು ಆ ಉತ್ತರಕ್ಕೆ ಹೊಂದಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ.